ಆಸ್ಟ್ರೇಲಿಯದಲ್ಲಿ ಡಿಜಿಟಲ್ ಚಂದಾ ದೂರದರ್ಶನದ ಆಗಮನ

ಆಸ್ಟ್ರೇಲಿಯದಲ್ಲಿ ಡಿಜಿಟಲ್ ಚಂದಾ ದೂರದರ್ಶನವು ಎಂದು ಆರಂಭವಾಯಿತೆಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ, ೨೦೦೪ನೆಯ ಇಸವಿ ಮಾರ್ಚ್ ೧೪ ಎಂಬುದು. ಅಂದು ಫಾಕ್ಸ್‌ಟೆಲ್ ಎಂಬ ಸಂಸ್ಥೆಯು ನೂರಕ್ಕೂ ಮಿಕ್ಕ ಚಾನೆಲುಗಳನ್ನೊಳಗೊಂಡ ತನ್ನ ಡಿಜಿಟಲ್ ಸೇವೆಯನ್ನು ಜನರ ಮುಂದಿಟ್ಟಿತು. ಉತ್ತರವೇನೋ ತಪ್ಪಲ್ಲ, ಆದರೆ ಅದನ್ನು ಒಪ್ಪಿ ಸುಮ್ಮನಾದರೆ ಚರಿತ್ರೆಯ ಮುಖ್ಯಾಂಶವೇ ಕಣ್ತಪ್ಪಿ ಹೋಗುತ್ತದೆ. ಏಕೆಂದರೆ, ಉಪಗ್ರಹದ ಮೂಲಕ ಚಂದಾ ದೂರದರ್ಶನವನ್ನು ನಡೆಸುವವರು ಡಿಜಿಟಲ್ ಪದ್ಧತಿಯನ್ನೇ ಅನುಸರಿಸಬೇಕೆಂದು ಆ ದೇಶದ ಪಾರ್ಲಿಮೆಂಟು ವಿಧಿಸಿದ್ದು ೧೯೯೨ರಲ್ಲಿ. ಅಂಥ ಪ್ರಸಾರವು ಮೊಟ್ಟಮೊದಲು ಕೆಲವು ಮನೆಗಳನ್ನು ಮುಟ್ಟಿದ್ದು ೧೯೯೫ರಲ್ಲಿ. ಕಾನೂನು ಹುಟ್ಟಿದಂದಿನಿಂದ ಸೇವೆಯು ನೆಲೆಯೂರಿದವರೆಗೆ ಹನ್ನೆರಡು ವರ್ಷಗಳು ಕಳೆದವು. ಯಂತ್ರಜ್ಞಾನವೊಂದು ಸಿದ್ಧವಾದೊಡನೆ ತಾನಾಗಿಯೇ ಸಮಾಜದಲ್ಲಿ ಬೇರೂರುತ್ತದೆಂಬ ನಂಬಿಕೆ ನಮ್ಮ ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ಆಸ್ಟ್ರೇಲಿಯದ ಅನುಭವ ಈ ನಂಬಿಕೆಗೆ ಅನುಕೂಲವಾಗಿಲ್ಲ. ಅಲ್ಲಿ ಡಿಜಿಟಲ್ ಎಂಬುದು ಮೊದಲು ಕಾನೂನಿನ ಒಂದು ಷರತ್ತಾಗಿ, ಆಮೇಲೆ ಒಂದು ತಡೆಯಾಗಿ, ಕಟ್ಟಕಡೆಗೆ ಏಕಸ್ವಾಮ್ಯವನ್ನು ಒಪ್ಪಿಕೊಂಡುದಕ್ಕೆ ದೊರೆತ ಪ್ರತಿಫಲವಾಗಿ ಬಂದಿತೆಂಬುದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಎರಡು ಪದಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಆಕಾಶದಲ್ಲಿ ಹರಡಿದ ಪ್ರಸಾರವನ್ನು ಯಾರು ಬೇಕಾದರೂ ಹಿಡಿಯಬಹುದು. ಒಬ್ಬನು ನೋಡಿದುದರಿಂದ ಇನ್ನೊಬ್ಬನಿಗೆ ಕಡಮೆಯಾಗುವುದಿಲ್ಲ. ಆದುದರಿಂದ ಅದನ್ನು ಅಂಗಡಿಯ ಸರಕಿನಂತೆ ಮಾರುವುದು ಸಾಧ್ಯವಿರಲಿಲ್ಲ. ಪ್ರಸಾರ ಸಂಸ್ಥೆಗಳು ನೋಡುಗರಿಂದ ಹಣ ಪಡೆಯುವ ಬದಲು ನೋಡುಗರ ಗಮನವನ್ನು ಜಾಹೀರಾತುದಾರರಿಗೆ ಮಾರಿದವು. ಇಲ್ಲವೆ ಸರ್ಕಾರದ ಬೊಕ್ಕಸದಿಂದ ಪೋಷಣೆ ಪಡೆದವು. ಚಂದಾ ದೂರದರ್ಶನವೆಂದರೆ ಪ್ರಸಾರಕ್ಕೆ ಬೀಗ ಹಾಕುವ ಏರ್ಪಾಡು. ಚಿತ್ರವನ್ನೂ ಧ್ವನಿಯನ್ನೂ ಬೇಕೆಂದೇ ಗೋಜಲುಗೊಳಿಸಿ ಕಳುಹಿಸುತ್ತಾರೆ. ತಿಂಗಳ ಹಣ ಕೊಟ್ಟವನ ಮನೆಯ ಪೆಟ್ಟಿಗೆ ಮಾತ್ರ ಆ ಗೋಜಲನ್ನು ಬಿಡಿಸುತ್ತದೆ.

ಇನ್ನು ಡಿಜಿಟಲ್ ಎಂಬುದು. ಹಳೆಯ ಅನಲಾಗ್ ಪದ್ಧತಿಯಲ್ಲಿ ಚಿತ್ರದ ಬೆಳಕು ನೆರಳುಗಳಿಗನುಗುಣವಾಗಿ ವಿದ್ಯುತ್ ತರಂಗವು ಏರಿಳಿಯುತ್ತಿತ್ತು. ಆಸ್ಟ್ರೇಲಿಯದಲ್ಲಿ ಒಂದು ಚಾನೆಲಿಗೆ ೭ ಮೆಗಾಹರ್ಟ್ಸಿನಷ್ಟು ಅವಕಾಶ ಬೇಕಾಗುತ್ತಿತ್ತು. ಡಿಜಿಟಲ್ ಪದ್ಧತಿಯಲ್ಲಿ ಚಿತ್ರವನ್ನು ಅಂಕಿಗಳಾಗಿ ಮಾರ್ಪಡಿಸುತ್ತಾರೆ. ಒಂದು ಚಿತ್ರಕ್ಕೂ ಮರುಕ್ಷಣದ ಚಿತ್ರಕ್ಕೂ ಬಹುಪಾಲು ವ್ಯತ್ಯಾಸವಿರುವುದಿಲ್ಲವಾದುದರಿಂದ, ಬದಲಾದ ಭಾಗವನ್ನಷ್ಟೆ ಕಳುಹಿಸಿ ಉಳಿದುದನ್ನು ಹಿಂದಿನ ಚಿತ್ರದಿಂದ ತುಂಬಿಕೊಳ್ಳಬಹುದು. ಎಂಪೆಗ್-೨ ಎಂದು ಹೆಸರಾದ ಸಂಕೋಚನ ಕ್ರಮದ ಸಾರ ಇದು. ಇದರಿಂದ ಒಂದು ಚಾನೆಲಿನ ಜಾಗದಲ್ಲಿ ಹಲವು ಚಾನೆಲುಗಳು ಹಿಡಿಸುತ್ತವೆ. ಉಪಗ್ರಹದ ಬಾಡಿಗೆ ಅತಿ ದುಬಾರಿಯಾದುದರಿಂದ ಈ ಮಿತವ್ಯಯದ ಮಹತ್ವವನ್ನು ವಿವರಿಸಬೇಕಾಗಿಲ್ಲ. ಮೇಲಾಗಿ, ಅಂಕಿಗಳಿಗೆ ಬೀಗ ಹಾಕುವುದು ತರಂಗಗಳಿಗೆ ಬೀಗ ಹಾಕುವುದಕ್ಕಿಂತ ಭದ್ರ. ಚಂದಾ ದೂರದರ್ಶನವೂ ಡಿಜಿಟಲ್ ಪದ್ಧತಿಯೂ ಪರಸ್ಪರ ಅನುರೂಪವಾದವು ಎಂಬುದರಲ್ಲಿ ಸಂದೇಹವಿಲ್ಲ.

ಆಸ್ಟ್ರೇಲಿಯದಲ್ಲಿ ದೂರದರ್ಶನದ ನಿಯತ ಪ್ರಸಾರವು ೧೯೫೬ರಲ್ಲಿ, ಮೆಲ್ಬೋರ್ನಿನ ಒಲಿಂಪಿಕ್ ಕ್ರೀಡೆಗಳಿಗೆ ಸ್ವಲ್ಪ ಮುನ್ನ ಆರಂಭವಾಯಿತು. ಮೊದಲಿನಿಂದಲೂ ಅಲ್ಲಿ ಇಬ್ಬಗೆಯ ವ್ಯವಸ್ಥೆ: ಒಂದೆಡೆ ಸರ್ಕಾರದ ಹಣದಿಂದ ನಡೆಯುವ ಎಬಿಸಿ, ಇನ್ನೊಂದೆಡೆ ಸೆವೆನ್, ನೈನ್, ಟೆನ್ ಎಂದು ಅಂಕಿಗಳಿಂದಲೇ ಹೆಸರಾದ ಖಾಸಗಿ ಜಾಲಗಳು. ನಾನಾ ಭಾಷೆಗಳ ವಲಸೆಗಾರರನ್ನು ಉದ್ದೇಶಿಸಿದ ಎಸ್‌ಬಿಎಸ್ ೧೯೮೦ರಲ್ಲಿ ಸೇರಿತು. ಖಾಸಗಿ ಪರವಾನಗಿಗಳು ಕೆಲವೇ ಇದ್ದುದರಿಂದ ಅವು ಬಂಗಾರದ ಗಣಿಗಳಂತಿದ್ದವು. ಅವುಗಳ ಒಡೆಯರಲ್ಲಿ ಕೆಲವರು ಪತ್ರಿಕೆಗಳ ಒಡೆಯರೂ ಆಗಿದ್ದರು. ಯಾವ ಮಂತ್ರಿಮಂಡಲವೂ ಅವರನ್ನು ಸುಮ್ಮಸುಮ್ಮನೆ ಕೆಣಕಲು ಬಯಸುತ್ತಿರಲಿಲ್ಲ. ಆದುದರಿಂದಲೇ, ಚಂದಾ ದೂರದರ್ಶನಕ್ಕೆ ಅವಕಾಶವೀಯಬೇಕೆಂದು ಪ್ರಸಾರ ನ್ಯಾಯಮಂಡಲಿಯು ೧೯೮೨ರಲ್ಲಿಯೇ ಸಲಹೆ ಮಾಡಿದ್ದರೂ ಅದು ಕಾರ್ಯರೂಪಕ್ಕೆ ಬರಲಿಲ್ಲ. ೧೯೮೬ರಲ್ಲಿ ಹಾಕ್ ಸರ್ಕಾರವು ಈ ಬಗೆಯ ಸೇವೆಯನ್ನು ಕೆಲವು ವರ್ಷಗಳವರೆಗೆ ತಡೆಹಿಡಿಯುವ ನಿರ್ಣಯವನ್ನೇ ಕೈಕೊಂಡಿತು. ಅಮೆರಿಕದಲ್ಲಿ ಕೇಬಲ್ ದೂರದರ್ಶನವು ಮನೆಮಾತಾಗಿದ್ದ ಕಾಲದಲ್ಲಿ, ಸಂಪತ್ತಿನಲ್ಲಿ ಅದಕ್ಕೆ ಬಹಳ ಹಿಂದಿಲ್ಲದ ಆಸ್ಟ್ರೇಲಿಯದಲ್ಲಿ ಅದು ಮನೆಗಳಿಗೆ ಬಾರದೇ ಇದ್ದುದಕ್ಕೆ ಕಾರಣ ಬಡತನವಲ್ಲ, ಅಜ್ಞಾನವೂ ಅಲ್ಲ. ಅದೊಂದು ರಾಜಕೀಯ ನಿರ್ಧಾರ.

೧೯೯೨ರ ಪ್ರಸಾರ ಸೇವೆಗಳ ಶಾಸನವು ಈ ಬಾಗಿಲನ್ನು ತೆರೆಯಿತು. ಆದರೆ ತೆರೆದ ಬಗೆ ವಿಚಿತ್ರವಾಗಿತ್ತು. ಉಪಗ್ರಹದ ಮೂಲಕ ನಡೆಯುವ ಸೇವೆಗೆ ಎ, ಬಿ, ಸಿ ಎಂಬ ಮೂರೇ ಪರವಾನಗಿಗಳು. ಎ ಮತ್ತು ಬಿ ತಲಾ ನಾಲ್ಕು ಚಾನೆಲುಗಳಿಗೆ, ಖಾಸಗಿಯವರಿಗೆ. ಸಿ ಎರಡು ಚಾನೆಲುಗಳಿಗೆ, ಎಬಿಸಿಗೆ. ೧೯೯೭ರ ಜುಲೈ ೧ರವರೆಗೆ ಬೇರೆ ಯಾರಿಗೂ ಉಪಗ್ರಹ ಪರವಾನಗಿಯಿಲ್ಲ. ಅದೇ ದಿನಾಂಕದವರೆಗೆ ಚಂದಾ ಚಾನೆಲುಗಳಲ್ಲಿ ಜಾಹೀರಾತು ನಿಷಿದ್ಧ. ಆಮೇಲೂ ಚಂದಾಹಣವೇ ಆದಾಯದ ಪ್ರಧಾನ ಮೂಲವಾಗಿರಬೇಕು. ಇವೆಲ್ಲಕ್ಕೂ ಮುಕುಟಪ್ರಾಯವಾಗಿ, ಉಪಗ್ರಹ ಪ್ರಸಾರವು ಡಿಜಿಟಲ್ ಆಗಿಯೇ ಇರತಕ್ಕದ್ದು ಎಂಬ ನಿಯಮ.

ಈ ಕೊನೆಯ ನಿಯಮವನ್ನು ಇಂದಿನ ದೃಷ್ಟಿಯಿಂದ ನೋಡಿದರೆ ದೂರದೃಷ್ಟಿಯೆಂದು ತೋರುವುದು ಸಹಜ. ಆದರೆ ೧೯೯೨ರಲ್ಲಿ ಮನೆಗಳಿಗೆ ನೇರವಾಗಿ ಡಿಜಿಟಲ್ ಉಪಗ್ರಹ ದೂರದರ್ಶನವನ್ನು ಒದಗಿಸುವ ವಾಣಿಜ್ಯ ಸೇವೆ ಬಳಕೆಗೆ ಬಂದಿರಲಿಲ್ಲವೆಂಬುದನ್ನು ನೆನೆಯಬೇಕು. ಅಮೆರಿಕದ ಡೈರೆಕ್‌ಟಿವಿ ಆರಂಭವಾದುದು ೧೯೯೪ರಲ್ಲಿ. ಇನ್ನೂ ಹುಟ್ಟದ ಪದ್ಧತಿಯನ್ನು ಕಡ್ಡಾಯ ಮಾಡಿದರೆ, ಅದು ಹುಟ್ಟುವವರೆಗೆ ಹಳೆಯ ಜಾಲಗಳಿಗೆ ಸ್ಪರ್ಧೆಯ ಕಾಟವಿಲ್ಲ. ಇದು ವಿಳಂಬದ ಉಪಾಯವೇ ಸರಿ ಎಂದು ಆಗಲೇ ಟೀಕಿಸಿದವರಿದ್ದರು. ಮಂತ್ರಿಗಳ ಮನಸ್ಸಿನಲ್ಲಿದ್ದುದು ದೇಶದ ಮುನ್ನಡೆಯೋ ಹಳೆಯ ಒಡೆಯರ ಕ್ಷೇಮವೋ ಎಂದು ಕೂದಲು ಸೀಳುವುದು ಬೇಡ. ಎರಡೂ ಒಂದೇ ವಾಕ್ಯದಲ್ಲಿ ಅಡಗಿಕೊಂಡವು ಎಂಬುದಷ್ಟು ನಿಜ.

ಪರವಾನಗಿಗಳ ಮಾರಾಟದ ವೃತ್ತಾಂತವಂತೂ ಆಡಳಿತಶಾಸ್ತ್ರದ ವಿದ್ಯಾರ್ಥಿಗಳು ಓದತಕ್ಕದ್ದು. ೧೯೯೩ರಲ್ಲಿ ಮೊಹರು ಹಾಕಿದ ಟೆಂಡರುಗಳನ್ನು ಕರೆಯಲಾಯಿತು. ತೆರೆದು ನೋಡಿದಾಗ ಅತಿ ಹೆಚ್ಚಿನ ಬೆಲೆ ಬರೆದವರು ಪ್ರಸಾರಕ್ಷೇತ್ರದಲ್ಲಿ ಹೆಸರೇ ಕೇಳದಿದ್ದ ಎರಡು ಸಣ್ಣ ಕಂಪನಿಗಳು. ಟೆಂಡರಿನೊಡನೆ ಠೇವಣಿ ಇಡಬೇಕೆಂಬ ನಿಯಮವನ್ನು ಸೇರಿಸಲು ಇಲಾಖೆ ಮರೆತಿತ್ತು. ಒಬ್ಬನೇ ಟೆಂಡರುದಾರನು ಇಳಿಕೆಯ ಕ್ರಮದಲ್ಲಿ ಹಲವು ಬೆಲೆಗಳನ್ನು ಬರೆದು ಸಲ್ಲಿಸುವುದಕ್ಕೂ ಅಡ್ಡಿಯಿರಲಿಲ್ಲ. ಹೀಗಾಗಿ, ಗೆದ್ದವನು ಗಡುವಿನೊಳಗೆ ಹಣ ಕಟ್ಟದೆ ಬಿಟ್ಟರೆ ಅವನಿಗೆ ನಷ್ಟವಿಲ್ಲ. ಸರದಿಯು ಅವನದೇ ಆದ ಮುಂದಿನ, ಕಡಮೆ ಬೆಲೆಯ ಟೆಂಡರಿಗೆ ಬರುತ್ತದೆ! ಬೆಲೆಯು ಮೆಟ್ಟಿಲಿಳಿದಂತೆ ಇಳಿಯುತ್ತ ಹೋಯಿತು. ಮಂತ್ರಿ ಬಾಬ್ ಕಾಲಿನ್ಸರು ಪಾರ್ಲಿಮೆಂಟಿನಲ್ಲಿಯೂ ಪತ್ರಿಕೆಗಳಲ್ಲಿಯೂ ಕಟುವಾದ ಟೀಕೆಗೆ ಗುರಿಯಾದರು. ಪರವಾನಗಿಗಳು ಅಂತಿಮವಾಗಿ ಮೊದಲ ಬೆಲೆಗಿಂತ ಎಷ್ಟೋ ಅಗ್ಗವಾಗಿ ಮಾರಾಟವಾಗಿ, ಆಸ್ಟ್ರೇಲಿಸ್ ಮೀಡಿಯ ಎಂಬ ಕಂಪನಿಯ ಪ್ರಭಾವದೊಳಗೆ ಬಂದವು.

ಆಸ್ಟ್ರೇಲಿಸ್ ಕಂಪನಿಯು ಉಪಗ್ರಹದ ಡಿಜಿಟಲ್ ಸಲಕರಣೆಗಳಿಗಾಗಿ ಕಾದು ಕೂರಲಿಲ್ಲ. ಭೂಮಿಯ ಮೇಲಿನ ಗೋಪುರಗಳಿಂದ ಸೂಕ್ಷ್ಮತರಂಗಗಳ ಮೂಲಕ ಪ್ರಸಾರ ಮಾಡುವುದಕ್ಕೆ ಡಿಜಿಟಲ್ ನಿಬಂಧನೆಯಿರಲಿಲ್ಲ. ಈ ಸಂದಿನಲ್ಲಿ ನುಸುಳಿ, ೧೯೯೫ರ ಜನವರಿ ೨೬ರಂದು, ಎಂದರೆ ಆಸ್ಟ್ರೇಲಿಯ ದಿನದಂದೇ, ಗ್ಯಾಲಕ್ಸಿ ಎಂಬ ಹೆಸರಿನಲ್ಲಿ ಅದು ದೇಶದ ಪ್ರಥಮ ಚಂದಾ ದೂರದರ್ಶನವನ್ನು ಆರಂಭಿಸಿತು. ಆ ವರ್ಷ ಮುಗಿಯುವುದರೊಳಗೆ ಅದೇ ಸೇವೆ ಉಪಗ್ರಹದ ಮೂಲಕವೂ, ಈ ಸಲ ಡಿಜಿಟಲ್ ರೂಪದಲ್ಲಿ, ಬಿತ್ತರಗೊಂಡಿತು. ಕಟ್ಟುನಿಟ್ಟಾಗಿ ಹೇಳುವುದಾದರೆ ಆಸ್ಟ್ರೇಲಿಯದ ಡಿಜಿಟಲ್ ಚಂದಾ ದೂರದರ್ಶನದ ಹುಟ್ಟು ಇದೇ. ಆದರೆ ನೋಡುತ್ತಿದ್ದವನಿಗೆ ಡಿಜಿಟಲಿನ ವಿಶೇಷವೇನೂ ಗೋಚರಿಸಲಿಲ್ಲ: ಚಾನೆಲುಗಳು ಕೆಲವೇ, ಕಾರ್ಯಕ್ರಮ ಸೂಚಿಯೂ ಸಾಧಾರಣ. ಪದ್ಧತಿ ಹೊಸತು, ಅನುಭವ ಹಳೆಯದು.

ಇಷ್ಟರಲ್ಲಿ ಕಥೆಯ ಗತಿ ಮತ್ತೊಂದು ಕಡೆಗೆ ತಿರುಗಿತ್ತು. ಕೇಬಲಿನ ಮೇಲೂ ಡಿಜಿಟಲ್ ನಿಬಂಧನೆ ಇರಲಿಲ್ಲ. ೧೯೯೫ರ ಸೆಪ್ಟೆಂಬರಿನಲ್ಲಿ ಆಪ್ಟಸ್ ವಿಷನ್, ಮರುತಿಂಗಳು ಫಾಕ್ಸ್‌ಟೆಲ್, ಎರಡೂ ಅನಲಾಗ್ ಕೇಬಲ್ ಸೇವೆಗಳನ್ನು ತೆರೆದವು. ಫಾಕ್ಸ್‌ಟೆಲ್ ಎಂಬುದು ಸರ್ಕಾರದ ಒಡೆತನದಲ್ಲಿದ್ದ ಟೆಲ್‌ಸ್ಟ್ರಾ ದೂರವಾಣಿ ಸಂಸ್ಥೆಯೂ ರೂಪರ್ಟ್ ಮರ್ಡಾಕರ ನ್ಯೂಸ್ ಕಾರ್ಪೊರೇಷನ್ನೂ ಸಮಪಾಲಿನಲ್ಲಿ ಕಟ್ಟಿದ ಸಂಸ್ಥೆ. ಆಪ್ಟಸ್ ಆದರೋ ಟೆಲ್‌ಸ್ಟ್ರಾದ ದೂರವಾಣಿ ಪ್ರತಿಸ್ಪರ್ಧಿ. ಇದನ್ನು ಗಮನಿಸಿದರೆ ಮುಂದಿನ ಅವಿವೇಕಕ್ಕೆ ಅರ್ಥ ಹೊಳೆಯುತ್ತದೆ. ಆಪ್ಟಸ್ ಎಳೆಯುತ್ತಿದ್ದ ಕೇಬಲಿನಲ್ಲಿ ಚಿತ್ರಗಳ ಜೊತೆಗೆ ಸ್ಥಳೀಯ ದೂರವಾಣಿ ಕರೆಗಳೂ ಹರಿಯುತ್ತಿದ್ದವು. ಅದನ್ನು ತಡೆಯಬೇಕಾದರೆ ಅದೇ ಬೀದಿಯಲ್ಲಿ ತಾನೂ ಕೇಬಲ್ ಎಳೆಯಬೇಕೆಂದು ಟೆಲ್‌ಸ್ಟ್ರಾ ಬಗೆಯಿತು. ಹೊರಗೆ ದೂರದರ್ಶನದ ಸ್ಪರ್ಧೆಯಾಗಿ ಕಂಡುದು ಒಳಗೆ ದೂರವಾಣಿಯ ಯುದ್ಧವಾಗಿತ್ತು.

ಪರಿಣಾಮವಾಗಿ ಸಿಡ್ನಿ ಮೆಲ್ಬೋರ್ನ್ ಮೊದಲಾದ ನಗರಗಳ ಅವವೇ ಬೀದಿಗಳಲ್ಲಿ ಎರಡೆರಡು ಕೇಬಲುಗಳು ಹಾದುಹೋದವು. ಟೆಲ್‌ಸ್ಟ್ರಾದ ಜಾಲ ಸುಮಾರು ೨೫ ಲಕ್ಷ ಮನೆಗಳ ಮುಂದೆ ಹಾದರೆ, ಆಪ್ಟಸಿನದು ೨೦ ಲಕ್ಷಕ್ಕೂ ಹೆಚ್ಚು ಮನೆಗಳ ಮುಂದೆ. ಬಹುಪಾಲು ಅವೇ ಮನೆಗಳು. ವಿದ್ಯುತ್ ಕಂಬಗಳ ಮೇಲೆ ದಪ್ಪನೆಯ ಕರಿಯ ತಂತಿಗಳು ಜೋತಾಡುವುದನ್ನು ಕಂಡು ನಗರಸಭೆಗಳೂ ನಿವಾಸಿಗಳೂ ಪ್ರತಿಭಟಿಸಿದರು. ಆದರೆ ದೂರಸಂಪರ್ಕ ಸಂಸ್ಥೆಗಳಿಗೆ ಸ್ಥಳೀಯ ನಿಯಮಗಳಿಂದ ದೊರೆತಿದ್ದ ವಿನಾಯಿತಿಯು ೧೯೯೭ರಲ್ಲಿ ಮುಗಿಯುವುದಿತ್ತು; ಅಷ್ಟರೊಳಗೆ ಎಳೆದಷ್ಟು ಎಳೆಯಬೇಕೆಂಬ ಆತುರ ಇಬ್ಬರಿಗೂ. ಒಂದು ಕೋಟಿ ಎಂಬತ್ತು ಲಕ್ಷ ಜನರ, ಆದರೆ ಖಂಡದಷ್ಟು ವಿಸ್ತಾರದ ದೇಶದಲ್ಲಿ, ಒಳನಾಡಿನ ಊರುಗಳಿಗೆ ಒಂದು ಕೇಬಲೂ ಇಲ್ಲದಿರುವಾಗ ಕರಾವಳಿಯ ಬಡಾವಣೆಗಳಿಗೆ ಎರಡು! ಸ್ಪರ್ಧೆಯ ತತ್ತ್ವವನ್ನು ಬೋಧಿಸುವ ಅರ್ಥಶಾಸ್ತ್ರದ ಅಧ್ಯಾಪಕ ಮಿತ್ರರು ಈ ಉದಾಹರಣೆಯನ್ನು ತರಗತಿಯಲ್ಲಿ ಬಳಸಿಕೊಳ್ಳಬಹುದು.

ಕ್ರೀಡೆಗಳೂ ಈ ಸಮರದ ಕಣವಾದವು. ಹಾಲಿವುಡ್ ಚಿತ್ರಗಳು, ನೇರಪ್ರಸಾರದ ಆಟಗಳು, ಈ ಎರಡನ್ನು ಬಿಟ್ಟರೆ ಜನರಿಂದ ಚಂದಾ ವಸೂಲು ಮಾಡಬಲ್ಲ ಸಾಮಗ್ರಿ ಹೆಚ್ಚಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ರಗ್ಬಿ ಲೀಗ್ ಆಟದ ಹಕ್ಕುಗಳಿಗಾಗಿ ಮರ್ಡಾಕರ ಪಕ್ಷವು ಆಟಗಾರರನ್ನೇ ಹಣ ಕೊಟ್ಟು ಸೆಳೆದು ಸೂಪರ್ ಲೀಗ್ ಎಂಬ ಬೇರೆ ಪಂದ್ಯಾವಳಿಯನ್ನು ಕಟ್ಟಿತು; ೧೯೯೭ರಲ್ಲಿ ಒಂದೇ ಆಟಕ್ಕೆ ಎರಡು ರಾಷ್ಟ್ರೀಯ ಪಂದ್ಯಾವಳಿಗಳು ನಡೆದು, ಮರುವರ್ಷ ಒಂದಾದವು. ಆದರೆ ಎಲ್ಲ ಆಟಗಳನ್ನೂ ಬೀಗದೊಳಗೆ ಇಡಲು ಕಾನೂನು ಬಿಡಲಿಲ್ಲ. ೧೯೯೪ರಲ್ಲಿಯೇ ಸರ್ಕಾರವು ಒಂದು ಪಟ್ಟಿಯನ್ನು ಪ್ರಕಟಿಸಿತ್ತು; ಒಲಿಂಪಿಕ್ಸ್, ಮೆಲ್ಬೋರ್ನ್ ಕಪ್ ಕುದುರೆ ಪಂದ್ಯ, ಸ್ವದೇಶದಲ್ಲಿ ನಡೆಯುವ ಟೆಸ್ಟ್ ಕ್ರಿಕೆಟ್ ಮುಂತಾದವುಗಳ ಹಕ್ಕನ್ನು ಕೊಳ್ಳುವ ಮೊದಲ ಅವಕಾಶ ಉಚಿತ ದೂರದರ್ಶನದವರಿಗೆ. ನಮ್ಮ ದೇಶದಲ್ಲಿ ೨೦೦೭ರ ಶಾಸನವು ಮಹತ್ವದ ಪಂದ್ಯಗಳ ಪ್ರಸಾರವನ್ನು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕೆಂದು ವಿಧಿಸಿದ್ದು ಇದೇ ಬಗೆಯ ಚಿಂತನೆಯಿಂದ. ವಿಧಾನ ಮಾತ್ರ ಬೇರೆ: ಅಲ್ಲಿ ಕೊಳ್ಳುವ ಸರದಿಯ ನಿಯಮ, ಇಲ್ಲಿ ಹಂಚುವ ನಿಯಮ.

ಮೂರು ಸಂಸ್ಥೆಗಳಿಗೂ ನಷ್ಟವಾಯಿತು. ಮೊದಲು ಬಿದ್ದುದು ಆಸ್ಟ್ರೇಲಿಸ್. ಚಿತ್ರಗಳ ಹಕ್ಕಿಗಾಗಿ ಅದು ಅಮೆರಿಕದ ಕಂಪನಿಗಳಿಗೆ ಮಾಡಿದ್ದ ವಾಗ್ದಾನಗಳು ಅದರ ಶಕ್ತಿಯನ್ನು ಮೀರಿದ್ದವು. ಫಾಕ್ಸ್‌ಟೆಲಿನೊಡನೆ ವಿಲೀನವಾಗಿ ಉಳಿದುಕೊಳ್ಳಲು ಅದು ಯತ್ನಿಸಿತು. ವಿಲೀನದಿಂದ ಸ್ಪರ್ಧೆ ಕುಗ್ಗುವುದೆಂದು ಆಸ್ಟ್ರೇಲಿಯದ ಸ್ಪರ್ಧಾ ಮತ್ತು ಗ್ರಾಹಕ ಆಯೋಗವು ೧೯೯೭ರಲ್ಲಿ ವಿರೋಧಿಸಿತು. ೧೯೯೮ರ ಮೇ ತಿಂಗಳಲ್ಲಿ ಆಸ್ಟ್ರೇಲಿಸ್ ದಿವಾಳಿಯಾಗಿ ಗ್ಯಾಲಕ್ಸಿ ಮುಚ್ಚಿಹೋಯಿತು. ಅದರ ನಗರದ ಗ್ರಾಹಕರು ಫಾಕ್ಸ್‌ಟೆಲಿನ ಪಾಲಾದರು. ಸ್ಪರ್ಧೆಯನ್ನು ಉಳಿಸಲು ವಿಲೀನವನ್ನು ತಡೆದರೆ ಸ್ಪರ್ಧಿಯೇ ಅಳಿದುಹೋದಂತಾಯಿತು. ಆಯೋಗವು ತನ್ನ ಕರ್ತವ್ಯವನ್ನು ಮಾಡಿತೆಂದೇ ನಮ್ಮ ಅಭಿಪ್ರಾಯ. ಆದರೆ ಫಲವು ಬೇರೆಯಾಗಲಿಲ್ಲ.

ಇಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ಸಂಗತಿಯನ್ನು ಹೇಳಬೇಕು. ಒಳನಾಡಿನ ಪ್ರದೇಶಗಳಿಗೆ ಆಸ್ಟಾರ್ ಎಂಬ ಬೇರೊಂದು ಕಂಪನಿ ಸೇವೆ ಸಲ್ಲಿಸುತ್ತಿತ್ತು. ಕೇಬಲ್ ಎಳೆಯುವುದು ಅಸಾಧ್ಯವಾದ ಆ ದೂರಗಳಲ್ಲಿ ಉಪಗ್ರಹವೇ ಅದರ ಮುಖ್ಯ ಆಧಾರ. ಉಪಗ್ರಹವೆಂದ ಮೇಲೆ ಡಿಜಿಟಲ್ ಪ್ರಸಾರ. ೧೯೯೯ರಲ್ಲಿ ಫಾಕ್ಸ್‌ಟೆಲ್ ಕೂಡ ಉಪಗ್ರಹ ಸೇವೆಯನ್ನು ಆರಂಭಿಸಿತು. ಆದಕಾರಣ ಶತಮಾನದ ಕೊನೆಯಲ್ಲಿ, ನೂರಾರು ಮೈಲಿ ಆಚೆಯ ಕುರಿಸಾಕಣೆಯ ಕ್ಷೇತ್ರವೊಂದರ ಮನೆಗೆ ಡಿಜಿಟಲ್ ಪ್ರಸಾರ ಬರುತ್ತಿದ್ದರೆ, ಎರಡು ಕೇಬಲುಗಳು ಹಾದ ಸಿಡ್ನಿಯ ಬಡಾವಣೆಯ ಮನೆಗೆ ಬರುತ್ತಿದ್ದುದು ಅನಲಾಗ್ ಚಿತ್ರ! ಹೊಸ ಯಂತ್ರಜ್ಞಾನವು ನಗರದಿಂದ ಹಳ್ಳಿಗೆ ಹರಿಯುತ್ತದೆಂಬ ಸಾಮಾನ್ಯ ಸೂತ್ರಕ್ಕೆ ಇದು ಅಪವಾದ. ಈ ಅಪವಾದವನ್ನು ಉಂಟುಮಾಡಿದ್ದು ೧೯೯೨ರ ಶಾಸನ.

ನಗರದ ಕೇಬಲುಗಳನ್ನು ಡಿಜಿಟಲಿಗೆ ಬದಲಿಸುವುದಕ್ಕೆ ಅಪಾರ ಹಣ ಬೇಕಿತ್ತು. ಪ್ರತಿಯೊಂದು ಮನೆಯ ಪೆಟ್ಟಿಗೆಯನ್ನೂ ಬದಲಿಸಬೇಕಿತ್ತು. ನಷ್ಟದಲ್ಲಿದ್ದ ಇಬ್ಬರು ಪ್ರತಿಸ್ಪರ್ಧಿಗಳಲ್ಲಿ ಯಾರಿಗೂ ಆ ಧೈರ್ಯವಿರಲಿಲ್ಲ. ಕೊನೆಗೆ ೨೦೦೨ರ ಮಾರ್ಚಿಯಲ್ಲಿ ಅವರು ಸಂಧಿಗೆ ಬಂದರು. ಆಪ್ಟಸ್ ತನ್ನದೇ ಚಿತ್ರ-ಕ್ರೀಡೆಗಳ ಹಕ್ಕುಗಳನ್ನು ಹೊಂದುವುದನ್ನು ಬಿಟ್ಟು ಫಾಕ್ಸ್‌ಟೆಲಿನ ಚಾನೆಲುಗಳನ್ನೇ ತನ್ನ ಗ್ರಾಹಕರಿಗೆ ಮಾರುವುದೆಂದು ಒಪ್ಪಂದವಾಯಿತು. ಅಧ್ಯಕ್ಷ ಅಲನ್ ಫೆಲ್ಸರ ನೇತೃತ್ವದ ಅದೇ ಸ್ಪರ್ಧಾ ಆಯೋಗವು ಮೊದಲು ಇದನ್ನು ನಿರಾಕರಿಸಿತು. ಬಳಿಕ ಷರತ್ತುಗಳ ಕುರಿತು ತಿಂಗಳುಗಟ್ಟಲೆ ಮಾತುಕತೆ ನಡೆದು, ನವೆಂಬರಿನಲ್ಲಿ ಒಪ್ಪಿತು. ಇತರ ಚಾನೆಲ್ ನಿರ್ಮಾಪಕರಿಗೂ ಫಾಕ್ಸ್‌ಟೆಲಿನ ಜಾಲ ಮತ್ತು ಪೆಟ್ಟಿಗೆಗಳಲ್ಲಿ ಪ್ರವೇಶ ದೊರೆಯಬೇಕೆಂಬುದು ಷರತ್ತುಗಳಲ್ಲಿ ಮುಖ್ಯವಾದುದು. ಪ್ರತಿಸ್ಪರ್ಧಿಯ ಭಯ ನೀಗಿದ ಮೇಲೆ ಡಿಜಿಟಲಿಗೆ ಹಣ ಹೂಡಲು ಫಾಕ್ಸ್‌ಟೆಲಿನ ಒಡೆಯರು ಮುಂದಾದರು. ಸರ್ಕಾರ ೧೯೯೨ರಲ್ಲಿ ಬಯಸಿದ್ದು ಎರಡು: ಹೊಸ ಯಂತ್ರಜ್ಞಾನ ಮತ್ತು ಸ್ಪರ್ಧೆ. ಹತ್ತು ವರ್ಷಗಳ ತರುವಾಯ ದೊರೆತುದು ಮೊದಲನೆಯದು, ಎರಡನೆಯದನ್ನು ತೆತ್ತು.

ಒಪ್ಪಂದಕ್ಕೆ ಹೊರಗುಳಿದವರ ಪಾಡು ಬೇರೆ. ಸೆವೆನ್ ಜಾಲದ ಸಿ-೭ ಎಂಬ ಕ್ರೀಡಾ ಚಾನೆಲು ಆಸ್ಟ್ರೇಲಿಯನ್ ಫುಟ್‌ಬಾಲಿನ ಹಕ್ಕನ್ನು ಕಳೆದುಕೊಂಡು ೨೦೦೨ರಲ್ಲಿ ಮುಚ್ಚಿತು. ತನ್ನನ್ನು ಒಳಸಂಚಿನಿಂದ ಕೆಡವಿದರೆಂದು ಸೆವೆನ್ ಹೂಡಿದ ಮೊಕದ್ದಮೆ ೨೦೦೭ರಲ್ಲಿ ವಜಾ ಆಯಿತು. ಉಭಯ ಪಕ್ಷಗಳ ಖರ್ಚು ೨೦ ಕೋಟಿ ಡಾಲರಿನ ಸಮೀಪಕ್ಕೆ ಹೋದುದನ್ನು ನ್ಯಾಯಾಧೀಶರು ತೀರ್ಪಿನಲ್ಲಿಯೇ ಟೀಕಿಸಿದರು.

೨೦೦೪ರ ಮಾರ್ಚ್ ೧೪ರಂದು ಜನ ಕಂಡುದೇನು? ತೆರೆಯ ಮೇಲೆಯೇ ಮೂಡುವ ಕಾರ್ಯಕ್ರಮ ಸೂಚಿ; ಒಂದೇ ಪಂದ್ಯವನ್ನು ಬೇರೆ ಬೇರೆ ಕ್ಯಾಮರಾಗಳ ಕೋನದಿಂದ ಆರಿಸಿ ನೋಡುವ ಸೌಲಭ್ಯ; ಬಿಡಿ ಹಣ ಕೊಟ್ಟು ನೋಡುವ ಚಲನಚಿತ್ರಗಳು; ಚಾನೆಲಿನ ಕಾರ್ಯಕ್ರಮವನ್ನೇ ಎರಡು ಗಂಟೆ ತಡವಾಗಿ ಮರುಪ್ರಸಾರ ಮಾಡುವ ಜೋಡಿ ಚಾನೆಲುಗಳು. ಕೊನೆಯದನ್ನು ಕಂಡು ನಗಬಾರದು. ಕೆಲಸದಿಂದ ತಡವಾಗಿ ಬರುವವನಿಗೆ ಅದು ಉಪಯುಕ್ತವೇ. ಆದರೂ 'ನೂರು ಚಾನೆಲು' ಎಂಬ ಲೆಕ್ಕದಲ್ಲಿ ಇವೂ ಸಂಗೀತದ ಧ್ವನಿಚಾನೆಲುಗಳೂ ಸೇರಿದ್ದವೆಂಬುದನ್ನು ಮರೆಯಲಾಗದು. ಮರುವರ್ಷ ಕಾರ್ಯಕ್ರಮಗಳನ್ನು ಮುದ್ರಿಸಿಕೊಳ್ಳುವ ಐಕ್ಯೂ ಪೆಟ್ಟಿಗೆ ಬಂದಿತು. ೨೦೦೭ರಲ್ಲಿ ಅನಲಾಗ್ ಕೇಬಲ್ ಪ್ರಸಾರ ನಿಂತಿತು. ೨೦೦೮ರ ಜೂನಿನಲ್ಲಿ ಹೈ ಡೆಫಿನಿಷನ್ ಚಾನೆಲುಗಳು ಆರಂಭವಾದವು.

ಹೊಸ ಸೇವೆ ಬೆಳೆಯುವುದಕ್ಕೆ ಇನ್ನೊಂದು ಗೋಡೆಯ ಆಸರೆಯೂ ಇತ್ತು. ಉಚಿತ ದೂರದರ್ಶನವು ೨೦೦೧ರ ಜನವರಿ ೧ರಿಂದ ಮಹಾನಗರಗಳಲ್ಲಿ ಡಿಜಿಟಲಾಗಿತ್ತು. ಅದಕ್ಕಾಗಿ ಖಾಸಗಿ ಜಾಲಗಳಿಗೆ ಹೆಚ್ಚಿನ ತರಂಗಾವಕಾಶವನ್ನು ಬೆಲೆಯಿಲ್ಲದೆ ಕೊಟ್ಟಿದ್ದರು. ೨೦೦೬ರ ಕೊನೆಯವರೆಗೆ ಹೊಸ ಖಾಸಗಿ ಪರವಾನಗಿ ಕೊಡುವುದಿಲ್ಲವೆಂಬ ಅಭಯವನ್ನೂ ನೀಡಿದ್ದರು. ಪ್ರತಿಯಾಗಿ, ಡಿಜಿಟಲಿನಿಂದ ಸಾಧ್ಯವಾಗುವ ಹೆಚ್ಚುವರಿ ಚಾನೆಲುಗಳನ್ನು ಅವು ನಡೆಸಕೂಡದು. ಈ ನಿಷೇಧವು ಪೂರ್ಣವಾಗಿ ಸಡಿಲಗೊಂಡುದು ೨೦೦೯ರಲ್ಲಿ. ಅಲ್ಲಿಯವರೆಗೆ ಹೆಚ್ಚು ಚಾನೆಲು ಬೇಕೆನ್ನುವವನು ಚಂದಾ ಕೊಡಲೇಬೇಕಿತ್ತು. ಹೀಗೆ ಪ್ರತಿಯೊಬ್ಬರಿಗೂ ಒಂದೊಂದು ಗೋಡೆ. ಗೋಡೆಗಳ ಖರ್ಚು ಮಾತ್ರ ನೋಡುವವರದು. ಇಷ್ಟಾಗಿಯೂ ಚಂದಾ ದೂರದರ್ಶನವು ಸುಮಾರು ಮೂರರಲ್ಲಿ ಒಂದು ಮನೆಯ ಮಟ್ಟದಲ್ಲಿಯೇ ನಿಂತುಬಿಟ್ಟಿತು. ಒಳ್ಳೆಯ ಆಟಗಳು ಉಚಿತವಾಗಿಯೇ ದೊರೆಯುತ್ತಿರುವಾಗ ಉಳಿದವರು ಹಣ ಕೊಡಲು ಕಾರಣ ಕಾಣಲಿಲ್ಲ.

೨೦೧೨ರಲ್ಲಿ ಫಾಕ್ಸ್‌ಟೆಲ್ ಆಸ್ಟಾರನ್ನೂ ಕೊಂಡುಕೊಂಡಿತು. ಇಡೀ ಖಂಡವೂ ಒಬ್ಬನ ಕೈಗೆ ಬಂದ ಮೂರೇ ವರ್ಷಗಳಲ್ಲಿ, ೨೦೧೫ರ ಮಾರ್ಚಿಯಲ್ಲಿ, ನೆಟ್‌ಫ್ಲಿಕ್ಸ್ ಆಸ್ಟ್ರೇಲಿಯಕ್ಕೆ ಬಂದಿತು. ಅದಕ್ಕೆ ಉಪಗ್ರಹ ಬೇಡ, ತನ್ನದೇ ಕೇಬಲು ಬೇಡ, ೧೯೯೨ರ ಶಾಸನದ ಪರವಾನಗಿಯೂ ಬೇಡ. ಫಾಕ್ಸ್‌ಟೆಲ್ ೨೦೧೮ರಲ್ಲಿ ಕೇಯೋ, ೨೦೨೦ರಲ್ಲಿ ಬಿಂಜ್ ಎಂಬ ಅಂತರ್ಜಾಲ ಸೇವೆಗಳನ್ನು ತೆರೆದು ಅದೇ ದಾರಿ ಹಿಡಿಯಿತು. ೨೦೨೩ರಲ್ಲಿ ತನ್ನ ಕೇಬಲ್ ಪ್ರಸಾರವನ್ನು ನಿಲ್ಲಿಸಿತು. ೨೦೨೫ರ ಏಪ್ರಿಲಿನಲ್ಲಿ ಡಾಜ಼ೋನ್ ಎಂಬ ವಿದೇಶೀ ಕ್ರೀಡಾಪ್ರಸಾರ ಕಂಪನಿಗೆ ಮಾರಾಟವಾಯಿತು. ೧೯೯೪ರ ಕ್ರೀಡಾಪಟ್ಟಿಯ ನಿಯಮವು ಮಾತ್ರ ಉಳಿದಿದೆ. ೨೦೨೪ರ ತಿದ್ದುಪಡಿಯಿಂದ ಅದು ಚಂದಾ ಚಾನೆಲುಗಳನ್ನು ದಾಟಿ ಅಂತರ್ಜಾಲದ ಸೇವೆಗಳಿಗೂ ಅನ್ವಯಿಸುವಂತಾಗಿದೆ.